ಲಂಡನ್ನಿನಲ್ಲಿ ಕಲೆಗೆ ಟಿಕೆಟ್ ಅಗ್ಗ, ಹೊಸ್ತಿಲು ಎತ್ತರ

ಲಂಡನ್ನಿಗೆ ಬಂದಿಳಿದ ಕನ್ನಡಿಗರು ಬಾಡಿಗೆ ಮನೆ, ಶಾಲೆ, ವೈದ್ಯರ ನೋಂದಣಿ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾರೆ. ನಾಟಕ, ಮ್ಯೂಸಿಯಂ, ಸಂಗೀತ ಕಛೇರಿಗಳ ಮಾತು ತೆಗೆಯುವವರು ಕಡಿಮೆ. ಆದರೆ ಈ ದೇಶದಲ್ಲಿ ಸಾಮಾಜಿಕ ವರ್ಗವನ್ನು ಅಳೆಯುವುದು ಸಂಬಳದಿಂದ ಮಾತ್ರವಲ್ಲ, ಇಂಥ ಅಭಿರುಚಿಗಳಿಂದಲೂ. 2011ರಲ್ಲಿ ಬಿಬಿಸಿ ಆರಂಭಿಸಿದ ವರ್ಗ ಸಮೀಕ್ಷೆ ಆದಾಯದ ಜೊತೆಗೆ ಯಾವ ಸಂಗೀತ ಕೇಳುತ್ತೀರಿ, ನಾಟಕಕ್ಕೆ ಹೋಗುತ್ತೀರಾ, ಯಾವ ಯಾವ ಕೆಲಸದವರ ಪರಿಚಯವಿದೆ ಎಂದೂ ಕೇಳಿತು. ಅಂತರ್ಜಾಲದಲ್ಲಿ ಉತ್ತರಿಸಲು ಮುಂದಾದವರಲ್ಲಿ ಸ್ಥಿತಿವಂತರ ಪಾಲೇ ಅತಿಯಾಗಿತ್ತು. ಹಾಗಾಗಿ ಬೇರೆಯೇ ಒಂದು ಸಣ್ಣ ಸಮೀಕ್ಷೆಯ ನೆರವನ್ನೂ ಪಡೆದು, 2013ರಲ್ಲಿ ಸಮಾಜಶಾಸ್ತ್ರಜ್ಞರು ಬ್ರಿಟನ್ನಿನ ಜನರನ್ನು ಏಳು ವರ್ಗಗಳಾಗಿ ವಿಂಗಡಿಸಿದರು.

ಉದ್ಯೋಗದ ಅರ್ಜಿಯಲ್ಲೂ ಈ ವರ್ಗದ ನೆರಳು ಕಾಣುತ್ತದೆ. ನಿಮಗೆ ಸುಮಾರು 14 ವರ್ಷವಾಗಿದ್ದಾಗ ಮನೆಯಲ್ಲಿ ಹೆಚ್ಚು ದುಡಿಯುತ್ತಿದ್ದವರ ಕೆಲಸವೇನು ಎಂಬ ಪ್ರಶ್ನೆ ಎದುರಾದರೆ ಗಾಬರಿಯಾಗಬೇಡಿ. ಯಾವ ಹಿನ್ನೆಲೆಯವರು ಒಳಗೆ ಬರುತ್ತಿದ್ದಾರೆ ಎಂದು ಸಂಸ್ಥೆಗಳು ಲೆಕ್ಕವಿಡುವ ಕ್ರಮವದು. ರೈತರಾಗಿದ್ದರೆ ರೈತರೆಂದೇ ಬರೆಯಿರಿ.

ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳಿಗೆ 2001ರ ಡಿಸೆಂಬರಿನಿಂದ ಪ್ರವೇಶ ಉಚಿತ. ನೋಡುವವರ ಸಂಖ್ಯೆ ಏರಿತು, ವರ್ಗಗಳ ನಡುವಿನ ಅಂತರ ಮಾತ್ರ ಮುಚ್ಚಲಿಲ್ಲ. ಇದು ನಮ್ಮ ಜಾಗವಲ್ಲ ಎಂಬ ಸಂಕೋಚವನ್ನು ಉಚಿತ ಪ್ರವೇಶ ಕಳೆಯುವುದಿಲ್ಲ. ನಮ್ಮವರಲ್ಲೂ ಆ ಸಂಕೋಚ ಇದೆ. ಅದು ಮಕ್ಕಳಿಗೆ ದಾಟದಿರಲಿ ಎಂಬುದೇ ನನ್ನ ಕಳಕಳಿ. ಥೇಮ್ಸ್ ದಡದ ಶೇಕ್ಸ್‌ಪಿಯರ್ಸ್ ಗ್ಲೋಬ್ ರಂಗಮಂದಿರದಲ್ಲಿ ಕೆಲವೇ ಪೌಂಡಿಗೆ ರಂಗದ ಮುಂದಿನ ಅಂಗಳದಲ್ಲಿ ನಿಂತು ನಾಟಕ ನೋಡಬಹುದು. ತಲೆಯ ಮೇಲೆ ಸೂರಿಲ್ಲ, ಕೊಡೆ ಬಿಚ್ಚುವಂತಿಲ್ಲ; ಮಳೆಯಂಗಿ ಒಯ್ಯಿರಿ. ನಟರು ಕೈಗೆಟಕುವಷ್ಟು ಹತ್ತಿರ ಹಾದುಹೋಗುತ್ತಾರೆ, ಕುರ್ಚಿಗೆ ಹೆಚ್ಚು ಹಣ ಕೊಟ್ಟವರಿಗೂ ಆ ಸುಖವಿಲ್ಲ. ಬೇಸಿಗೆಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುವ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಸಿಗುತ್ತದೆ. ಇಂಥದ್ದೇ ಉಡುಪು ಬೇಕೆಂಬ ನಿಯಮ ಎರಡು ಕಡೆಯೂ ಇಲ್ಲ.

ಮನೆಯಲ್ಲೇ ಕೂತು ನೋಡುವವರಿಗೂ ಒಂದು ಮಾತು: ಮನೆಯಲ್ಲಿ ಟಿವಿ ಇಲ್ಲದಿದ್ದರೂ, ಮೊಬೈಲಿನಲ್ಲಿ ಕನ್ನಡ ವಾಹಿನಿಯ ನೇರ ಪ್ರಸಾರ ನೋಡುವುದಕ್ಕೂ ಟಿವಿ ಲೈಸೆನ್ಸ್ ಎಂಬ, ಹಣ ಕಟ್ಟಿ ಪಡೆಯುವ ಪರವಾನಗಿ ಬೇಕು. ವರ್ಷಕ್ಕೆ 170 ಪೌಂಡಿಗೂ ಮೇಲಾಗುತ್ತದೆ, ತಪ್ಪಿಸಿದರೆ ದಂಡ 1,000 ಪೌಂಡಿನವರೆಗೂ ಹೋಗಬಹುದು. ಬಿಬಿಸಿಯ ಅಂತರ್ಜಾಲ ವೀಡಿಯೊ ಸೇವೆಯಾದ ಐಪ್ಲೇಯರ್ ಬಿಟ್ಟು, ಬೇರೆಡೆ ಮುಂಚೆಯೇ ಸಿದ್ಧವಿರುವ ಸಿನಿಮಾ, ಧಾರಾವಾಹಿ ನೋಡಲು ಅದು ಬೇಡ.

ಭರತನಾಟ್ಯ, ಕರ್ನಾಟಕ ಸಂಗೀತ ಕಲಿಸಬೇಕೆಂದರೆ ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾ ಭವನವಿದೆ. 1972ರಲ್ಲಿ ಆರಂಭವಾದ ಈ ಕೇಂದ್ರವನ್ನು ನಮ್ಮ ಮತ್ತೂರು ಕೃಷ್ಣಮೂರ್ತಿಯವರು ಬಹುಕಾಲ ನಡೆಸಿದರು. ಮಕ್ಕಳನ್ನು ಅಲ್ಲಿಗೆ ಸೇರಿಸಿ, ಗ್ಲೋಬ್‌ಗೂ ಕರೆದೊಯ್ಯಿರಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಕಾರಣವೇ ಇಲ್ಲ.