ಹಳಿಯಾಳದ ತೇಗದಲ್ಲಿ ಮಳೆಯ ಲೆಕ್ಕ ಓದಿದ್ದು

ಮರ ವರ್ಷ ವರ್ಷ ಕಟ್ಟುವ ಉಂಗುರದ ಅಗಲ ಅಳೆದು, ಹಲವು ಮರಗಳದ್ದನ್ನು ಒಂದಕ್ಕೊಂದು ಹೊಂದಿಸಿದರೆ ಯಾವ ವರ್ಷ ಮಳೆ ಹೇಗಿತ್ತು ಅಂತ ಓದಬಹುದು. ಉತ್ತರ ಕನ್ನಡದ ತೇಗದಲ್ಲಿ ಅದು ಆಗಲ್ಲ, ಉಂಗುರಗಳು ಒಂದಕ್ಕೊಂದು ಹೊಂದಲ್ಲ, ಸುಮ್ನೆ ಸಮಯ ಹಾಳು ಅಂತ ನನಗೆ ಹೇಳಿದವರು ಬಹಳ ಜನ. ನನ್ನ ಹಳೆಯ ಗುರುಗಳೂ ಅದರಲ್ಲಿದ್ದಾರೆ. ಪ್ರಾಜೆಕ್ಟ್ ಅರ್ಜಿ ಓದಿ ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕಳಿಸಿದ ವಿಮರ್ಶಕರೂ ಇದ್ದಾರೆ. ಈಗ ಹೊಂದಿವೆ. ಹಳಿಯಾಳ, ಮುಂಡಗೋಡ ಕಡೆಯ 40ರ ಹತ್ತಿರ ಬಿಲ್ಲೆಗಳಿಂದ (ದಿಮ್ಮಿಯನ್ನು ಅಡ್ಡ ಕುಯ್ದ ದುಂಡು ತುಂಡುಗಳು), 1890ರ ಆಸುಪಾಸಿನಿಂದ ಈಚೆಗೆ ವರ್ಷವಾರು ಉಂಗುರದ ಅಗಲದ ಒಂದು ಸರಣಿ ಗಟ್ಟಿಯಾಗಿ ನಿಂತಿದೆ. ಹೇಗೆ ನಿಂತಿತು ಅಂತ ಕೇಳುವವರಿಗೆ ಪ್ರತಿ ಸಲ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೇಗ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ ಅನ್ನೋದರಲ್ಲಿ ತಕರಾರಿಲ್ಲ. ಜಾವಾದ ತೇಗದಲ್ಲಿ ಡಚ್ ಹವಾಮಾನ ತಜ್ಞ ಬರ್ಲಾಗೆ 1931ರಲ್ಲೇ 1514ರವರೆಗೆ ಹಿಂದೆ ಹೋಗಿದ್ದ. ಕೇರಳದ ತೇಗದಿಂದ ಪುಣೆಯ ಹವಾಮಾನ ಸಂಸ್ಥೆಯವರು 1481ರಿಂದ ಶುರುವಾಗುವ ಸರಣಿ ಕಟ್ಟಿ 2010ರಲ್ಲಿ ಪ್ರಕಟಿಸಿದರು. ತಕರಾರು ಇದ್ದದ್ದು ನಮ್ಮ ಕಡೆಯ ಮರದ ಬಗ್ಗೆ. ಹೆಚ್ಚಿನವು ನೆಟ್ಟು ಬೆಳೆಸಿದ ತೋಪಿನ ಮರ, ವಯಸ್ಸು ಕಡಿಮೆ, ಕಾಲಕಾಲಕ್ಕೆ ಅರಣ್ಯ ಇಲಾಖೆ ಪಕ್ಕದ ಮರ ಕಡಿದು ತೆಳುವು ಮಾಡುತ್ತದೆ, ಉಂಗುರದಲ್ಲಿ ಕಾಣೋದು ಮಳೆಯಲ್ಲ, ಕೊಡಲಿ ಅನ್ನೋ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ.

ಮೊದಲು ಹಾಳಾದದ್ದು ದುಡ್ಡು. ಮರ ಕಡಿಯದೆ, ತಿರುಪಿ ಒಳಗಿನಿಂದ ತೆಳು ಕಡ್ಡಿ (ಕೋರ್) ತೆಗೆಯುವ ಸ್ವೀಡನ್ನಿನ ಬೋರರ್ ತರಿಸಿದೆ. ಸುಂಕ, ಕೊರಿಯರ್ ಎಲ್ಲ ಸೇರಿ 40 ಸಾವಿರದ ಹತ್ತಿರ ಆಯ್ತು. ಪೈನ್, ದೇವದಾರುಗಳಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ಬೆಳೆದ ತೇಗದಲ್ಲಿ ಅರ್ಧ ಅಡಿ ಒಳಗೆ ಹೋಗುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. ತೇಗದ ಒಳಗೆ ಸಿಲಿಕಾ ಇದೆ. ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ ಅಂತ ಆಚಾರಿಗಳು ಗೊಣಗುವುದು ಅದಕ್ಕೇ. ಬೋರರಿನ ಬಾಯಿ ಕೆಲವೇ ಮರಗಳಲ್ಲಿ ಮೊಂಡಾಯಿತು, ಆಮೇಲೆ ಒಂದರಲ್ಲಿ ಸಿಕ್ಕಿಕೊಂಡು ತಿರುಪಿನ ಜಾಗದಲ್ಲೇ ಮುರಿಯಿತು. ತುಂಡು ಈಗಲೂ ಆ ಮರದೊಳಗೇ ಇದೆ. ಸಿಕ್ಕ ಕೋರ್‌ಗಳಾದರೂ ಸರಿ ಇದ್ದವಾ? ಅರ್ಧಕ್ಕರ್ಧ ಚೂರುಚೂರು. ತೇಗಕ್ಕೆ ಬೋರರ್ ಬೇಡವೇ ಬೇಡ ಅಂತ ಹೇಳಲ್ಲ, ಕೇರಳದಲ್ಲಿ ಮಾಡಿದ್ದಾರೆ. ಆದರೆ ಒಂದು ಕೋರ್‌ನಲ್ಲಿ ಒಂದೇ ಗೆರೆ ಕಾಣುತ್ತದೆ. ನಮ್ಮ ಕಡೆಯ ತೇಗಕ್ಕೆ ಒಂದು ಗೆರೆ ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಾಗಿ ಬಿಲ್ಲೆಗೆ ಬಂದೆ. ಡಿಪೋ ಹರಾಜಿನಲ್ಲಿ ದಿಮ್ಮಿ ಕೊಂಡವರು ಮಿಲ್ಲಿಗೆ ತಂದು ಮೊದಲು ಎರಡೂ ತುದಿ ಸವರಿ ಎಸೆಯುತ್ತಾರೆ. ಆ ಎಸೆದ ತುಂಡೇ ನನಗೆ ಬೇಕಾದ್ದು. ಸೌದೆ ರೇಟಿಗೆ ಸಿಗುತ್ತದೆ, ಒಂದಕ್ಕೆ 200, ದೊಡ್ಡದಾದರೆ 500. ಒಬ್ಬ ಮಿಲ್ ಮಾಲೀಕರು ಚಹಾ ಕುಡಿಸಿ ಪುಕ್ಕಟೆ ಕೊಟ್ಟರು, ಇನ್ನೊಬ್ಬರು ನಾನು ಹೊಳೆ ಮರಳಿನಲ್ಲಿ ಚಿನ್ನ ಹುಡುಕುತ್ತಿದ್ದೇನೆ ಅಂದುಕೊಂಡು ಬೆಲೆ ಮೂರು ಪಟ್ಟು ಮಾಡಿದರು. ತುದಿಯಲ್ಲಿ ಇಲಾಖೆಯ ಹ್ಯಾಮರ್ ಗುರುತು, ಬಣ್ಣದಲ್ಲಿ ಬರೆದ ಲಾಟ್ ನಂಬರ್ ಇರಬೇಕು. ಅದು ಇದ್ದರೆ ರಸೀದಿ ನೋಡಿ ಯಾವ ಕೂಪ್ (ಮರ ಕಡಿಯಲು ಗುರುತಿಸಿದ ಕಾಡಿನ ಭಾಗ), ಯಾವ ವರ್ಷ ಕಡಿದದ್ದು ಅಂತ ಹಿಂದಕ್ಕೆ ಹೋಗಬಹುದು. ಡಿಪೋದಲ್ಲಿ ದಿಮ್ಮಿ ಎಷ್ಟೋ ತಿಂಗಳು ಮಲಗಿರುತ್ತದೆ, ಹರಾಜಿನ ವರ್ಷವನ್ನೇ ಕಡಿದ ವರ್ಷ ಅಂತ ಹಿಡಿಯಬಾರದು. ಇನ್ನೊಂದು ಮಾತು. ಬುಡದ ತುಂಡು ತಗೋಬೇಡಿ. ತೇಗದ ಬುಡ ಮಡಿಕೆ ಮಡಿಕೆಯಾಗಿ ಬೆಳೆದಿರುತ್ತದೆ, ಉಂಗುರ ಒಳಕ್ಕೂ ಹೊರಕ್ಕೂ ಬಳುಕುತ್ತದೆ. ಎದೆಯ ಎತ್ತರದಿಂದ ಮೇಲಿನದ್ದೇ ಬೇಕು. ಬಿಲ್ಲೆಗೂ ಸಾಗಾಟದ ಪಾಸ್ ಬೇಕು, ಚಿಕ್ಕದು ಅಂತ ಬಸ್ಸಿನ ಸೀಟಿನ ಕೆಳಗೆ ಹಾಕಿಕೊಂಡು ಬರಬೇಡಿ.

ಜಾಗದ ವಿಷಯ ಇಲ್ಲಿ ಮುಖ್ಯ. ಮೊದಲ ಕಂತಿನ ಬಿಲ್ಲೆಗಳೆಲ್ಲ ಪಶ್ಚಿಮದ ಕಡೆಯವು, ಹೊಳೆ ದಂಡೆಯ ಒಳ್ಳೊಳ್ಳೆ ಮರಗಳು. ನೋಡಲು ಚಂದ, ಉಂಗುರ ಅಗಲ ಅಗಲ. ಹಾಳೆಗೆ ಎಳೆದರೆ ಎಲ್ಲ ವರ್ಷವೂ ಒಂದೇ. ನೀರಿಗೆ ಕೊರತೆಯೇ ಇಲ್ಲದ ಮರ ಬರವನ್ನು ಯಾಕೆ ಬರೆದಿಟ್ಟುಕೊಳ್ಳುತ್ತದೆ? ಕ್ಯಾಸಲ್‌ರಾಕ್‌ನಲ್ಲಿ ಸುರಿಯುವ ಮಳೆಯ ಮೂರನೇ ಒಂದು ಪಾಲೂ ಹಳಿಯಾಳದಲ್ಲಿ ಬೀಳಲ್ಲ, ಜಿಲ್ಲೆ ಮಾತ್ರ ಒಂದೇ. ಹಾಗಾಗಿ ಪೂರ್ವಕ್ಕೆ ಸರಿದೆ. ಅಲ್ಲೂ ತಗ್ಗಿನ ಮರ ಬಿಟ್ಟು ಕಲ್ಲು ದಿಬ್ಬದ ಮೇಲಿನ, ಯಾರೂ ಮೆಚ್ಚದ ಸೊಟ್ಟ ಮರಗಳದ್ದೇ ಬೇಕು ಅಂತ ಪಟ್ಟು ಹಿಡಿದೆ. ಮಿಲ್‌ನವರಿಗೆ ಅದು ಎರಡನೇ ದರ್ಜೆ ಮಾಲು, ನನಗೆ ಮೊದಲ ದರ್ಜೆ. ನಿಲಂಬೂರಿನ 1840ರ ದಶಕದ ತೋಪಿನ ಫೋಟೋ ನೋಡಿ ಬಾಯಿ ಬಿಡುವವರು ಇದನ್ನು ನೆನಪಿಡಿ, ದಪ್ಪ ಮರವೇ ಒಳ್ಳೆಯ ದಾಖಲೆ ಅಲ್ಲ.

ಉಂಗುರ ಚೆನ್ನಾಗಿ ಕಾಣಬೇಕಾದರೆ ಬಿಲ್ಲೆಯ ಮುಖವನ್ನು ಮರಳು ಕಾಗದದ ಬೆಲ್ಟಿನಲ್ಲಿ ಉಜ್ಜಿ ನುಣುಪು ಮಾಡಬೇಕು. ನಾನು 60ನೇ ನಂಬರಿನ ಒರಟು ಕಾಗದದಿಂದ ಶುರು ಮಾಡಿ 80, 120, 240, 400, 600 ಅಂತ ಹೋಗುತ್ತೇನೆ, ಒಂದೊಂದು ಸಲ 800. ತೇಗದ ಎಣ್ಣೆ ಬೆಲ್ಟನ್ನು ಬೇಗ ಮೆತ್ತಿಸುತ್ತದೆ, ಒಂದು ಬೆಲ್ಟಿಗೆ ಎರಡೇ ಬಿಲ್ಲೆ. ಬೆಲ್ಟಿನ ಖರ್ಚೇ ಮಿಕ್ಕ ಎಲ್ಲಕ್ಕಿಂತ ಜಾಸ್ತಿ ಆಯ್ತು ಅಂದರೆ ನಂಬಲ್ಲ ನೀವು. ಕೊನೆಗೆ ಊರಿನ ಆಚಾರಿ ಒಬ್ಬರು ಹತ್ತರಿ ಹಿಡಿದು ಮೊದಲ ಹಂತ ಮಾಡಿಕೊಟ್ಟರು, ಅರ್ಧ ಬೆಲ್ಟ್ ಉಳಿಯಿತು. ಉಜ್ಜಿದ ಮೇಲೆ ನಾಳಗಳಲ್ಲಿ (ಮರದೊಳಗೆ ನೀರು ಏರುವ ಸಣ್ಣ ಕೊಳವೆಗಳು) ಪುಡಿ ತುಂಬಿಕೊಳ್ಳುತ್ತದೆ. ಕಂಪ್ರೆಸರ್ ಗಾಳಿಯಿಂದ ಊದಬೇಕು. ಆಮೇಲೆ ನಾನು ಒಂದು ಪುಡಿ ಹಚ್ಚುತ್ತೇನೆ, ಮುಂಗಾರಿನ ಮೊದಲ ದೊಡ್ಡ ನಾಳಗಳ ಸಾಲು ಬೆಳ್ಳಗೆ ಎದ್ದು ಕಾಣುತ್ತದೆ. ಯಾವ ಪುಡಿ ಅಂತ ಈಗ ಹೇಳಲ್ಲ, ಸಂಶೋಧನಾ ಲೇಖನ ಪ್ರಕಟವಾಗಲಿ. ಸುಣ್ಣ ಅಲ್ಲ, ಚಾಕ್‌ಪೀಸೂ ಅಲ್ಲ, ಇಷ್ಟು ಸುಳಿವು ಸಾಕು.

ಅಳೆಯುವ ಮೇಜಿಗೆ ಲಕ್ಷಗಟ್ಟಲೆ ಕೇಳುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಕೊಂಡೆ, 9 ಸಾವಿರವೋ 10 ಸಾವಿರವೋ ಇರಬೇಕು. ಮುಚ್ಚಳ ಕಿತ್ತು ಬಿಲ್ಲೆಯನ್ನು ಬೋರಲು ಹಾಕಿದರೆ 1200 ಡಿಪಿಐಯಲ್ಲಿ ಚೆನ್ನಾಗಿ ಬರುತ್ತದೆ. ಗಾಜಿನ ಮೇಲೆ ಗೀರು ಬೀಳದ ಹಾಗೆ ಸುತ್ತ ಒಂದು ರಬ್ಬರ್ ಪಟ್ಟಿ ಅಂಟಿಸಿ. ಸ್ಕೇಲ್ ಒಂದನ್ನು ಪಕ್ಕದಲ್ಲೇ ಇಟ್ಟು ಸ್ಕ್ಯಾನ್ ಮಾಡಿ, ಸಸ್ತಾ ಸ್ಕ್ಯಾನರ್‌ಗಳು ಉದ್ದಕ್ಕೊಂದು ಅಗಲಕ್ಕೊಂದು ಅಳತೆ ಕೊಡುತ್ತವೆ. ಮರದಿಂದ ಮರಕ್ಕೆ ಉಂಗುರ ಹೊಂದಿಸುವುದಕ್ಕೆ ಕೊಫೆಚಾ ಅನ್ನೋ ಪ್ರೋಗ್ರಾಂ, ಮರಕ್ಕೆ ವಯಸ್ಸಾದ ಹಾಗೆ ಉಂಗುರ ಸಣ್ಣಗಾಗುವ ಇಳಿಜಾರು ತೆಗೆಯುವುದಕ್ಕೆ ಆರ್ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ ಡಿಪಿಎಲ್‌ಆರ್. ಎರಡೂ ಪುಕ್ಕಟೆ.

ಇನ್ನು ಸುಳ್ಳು ಉಂಗುರ. ನಮ್ಮ ಕಡೆಯ ಎಲ್ಲ ರಗಳೆ ಇಲ್ಲೇ ಇರುವುದು. ಚಳಿ ಮುಗಿದ ಮೇಲೆ ತೇಗ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಗುಡುಗು ಮಳೆ ಜೋರಾಗಿ ಬಿತ್ತು ಅನ್ನಿ, ಮರ ಎದ್ದು ಕೂರುತ್ತದೆ, ದೊಡ್ಡ ನಾಳಗಳ ಸಾಲು ಕಟ್ಟಲು ಶುರು. ಆಮೇಲೆ ಮುಂಗಾರು ತಡವಾದರೆ ಮತ್ತೆ ನಿಲ್ಲುತ್ತದೆ. ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಇನ್ನೊಂದು ಸಾಲು. ಒಂದೇ ವರ್ಷಕ್ಕೆ ಎರಡು ಗಡಿ, ಒಂದು ಉಂಗುರ ಎರಡರಂತೆ ಕಾಣುತ್ತದೆ. ಅದು ಸಾಲದು ಅಂತ ಮೊದಲ ಮಳೆಗೆ ಎಲೆ ತಿನ್ನುವ ಹುಳ ಏಳುತ್ತದೆ. ಕೆಲವೇ ದಿನದಲ್ಲಿ ಇಡೀ ತೋಪು ಬರೀ ನರ ಉಳಿದ ಎಲೆ, ಆಮೇಲೆ ಮರ ಮತ್ತೆ ಚಿಗುರಬೇಕು. ಮಳೆ ಚೆನ್ನಾಗಿದ್ದ ವರ್ಷದಲ್ಲಿ ಒಂದೇ ತೋಪಿನ ಎಲ್ಲ ಮರಗಳಲ್ಲೂ ಉಂಗುರ ಸಣ್ಣಗಿದ್ದು, ಪಕ್ಕದ ಊರಿನ ತೋಪಿನಲ್ಲಿ ಸರಿ ಇದ್ದರೆ, ನನ್ನ ಅನುಮಾನ ಮೊದಲು ಹುಳದ ಮೇಲೆ.

ಇಲ್ಲಿ ಬಿಲ್ಲೆ ಗೆಲ್ಲುತ್ತದೆ. ನಿಜವಾದ ಗಡಿಯನ್ನು ಪೆನ್ಸಿಲ್ಲಿನಿಂದ ಹಿಡಿದು ಸುತ್ತ ಹೋದರೆ ಮತ್ತೆ ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ಸುಳ್ಳು ಗಡಿ ಎಲ್ಲೋ ಒಂದು ಕಡೆ ಕರಗಿಹೋಗುತ್ತದೆ. ಲೆನ್ಸ್ ಕೆಳಗೆ ನೋಡಿದರೆ ನಿಜವಾದ ಗಡಿಯ ಹಿಂದೆ ನಾಳ ಪುಟ್ಟದು, ಮುಂದೆ ಒಮ್ಮೆಲೇ ದೊಡ್ಡದು, ನಡುವೆ ತೆಳು ಬಣ್ಣದ ಪಟ್ಟಿ ಚೊಕ್ಕವಾಗಿ ಇರುತ್ತದೆ. ಸುಳ್ಳಿನಲ್ಲಿ ನಾಳ ನಿಧಾನಕ್ಕೆ ಚಿಕ್ಕದಾಗಿ ನಿಧಾನಕ್ಕೆ ದೊಡ್ಡದಾಗುತ್ತದೆ. ಪ್ರತಿ ಬಿಲ್ಲೆಯಲ್ಲಿ ನಾಲ್ಕು ಗೆರೆ ಎಳೆದು ನಾಲ್ಕನ್ನೂ ಅಳೆದೆ. ಎಲ್ಲಿ ಎರಡು ಗೆರೆ ಒಂದು ಹೇಳಿ ಇನ್ನೆರಡು ಬೇರೆ ಹೇಳುತ್ತವೋ ಅಲ್ಲಿ ಪೆನ್ಸಿಲ್ ಹಿಡಿದು ಸುತ್ತಿದೆ. ಕತ್ತು ನೋವು ಬಂದದ್ದು ಬಿಟ್ಟರೆ ನಷ್ಟ ಇಲ್ಲ.

ಎಲ್ಲ ಮರದಲ್ಲೂ ಒಂದೇ ಥರ ಎದ್ದು ಕಾಣುವ ಗುರುತಿನ ವರ್ಷಗಳು ಇಲ್ಲದೆ ಮುಂದೆ ಹೋಗಲು ಆಗಲ್ಲ. ನನಗೆ ಕೈ ಹಿಡಿದದ್ದು 2001, 2002, 2003. ಕರ್ನಾಟಕಕ್ಕೆ ಸತತ ಬರ ಬಿದ್ದ ವರ್ಷಗಳು. ಸಾಲಾಗಿ ಮೂರು ಬಡಕಲು ಉಂಗುರ. ಕಡಿದ ವರ್ಷ ಗೊತ್ತಿರುವ ಬಿಲ್ಲೆಯಲ್ಲಿ ಅದು ಸಿಕ್ಕರೆ ಹೊರ ಅಂಚು ಸರಿ ಇದೆ ಅಂತ ಧೈರ್ಯ. ಅಲ್ಲಿಂದ ಹಿಂದಕ್ಕೆ 1972, ದೇಶಕ್ಕೇ ಮುಂಗಾರು ಕಾಲು ಭಾಗದಷ್ಟು ಕೈಕೊಟ್ಟ ವರ್ಷ. ಇನ್ನೂ ಹಿಂದೆ 1918, 1899. ಈ ನಾಲ್ಕು ಕಂಬ ನೆಟ್ಟ ಮೇಲೆ ನಡುವಿನದ್ದು ತುಂಬುತ್ತಾ ಹೋಯ್ತು. 1987ರಲ್ಲಿ ದೇಶವೆಲ್ಲ ಬರ, ನನ್ನ ಮರಗಳಲ್ಲಿ ಮಾತ್ರ ಅಷ್ಟೇನೂ ಕಾಣಲ್ಲ.

ಹೊಂದಿದ್ದು ಒಂದು, ಮಳೆ ಹೇಳುವುದು ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಜೊತೆ ಸರಣಿಯನ್ನು ಇಟ್ಟು ನೋಡಿದರೆ ಸಂಬಂಧ 0.2 ಅಷ್ಟೇ (ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0). ಇಲ್ಲೇ ಹಲವರು ಬಿಟ್ಟುಹೋಗಿರೋದು. ನಾನೂ ಕೆಲವು ತಿಂಗಳು ಫೈಲ್ ಮುಚ್ಚಿಟ್ಟಿದ್ದೆ. ಆಮೇಲೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್ ಮಳೆಯನ್ನು ಸೇರಿಸಿದೆ. ಸಂಬಂಧ 0.45ರ ಹತ್ತಿರ ಬಂತು. ಮುಂಗಾರು ಮುಗಿದ ಮೇಲೆ ಬೀಳುವ ಮಳೆ ಮಣ್ಣಿನಾಳದಲ್ಲಿ ಉಳಿಯುತ್ತದೆ, ಎಲೆ ಇನ್ನಷ್ಟು ದಿನ ನಿಲ್ಲುತ್ತದೆ, ಮರ ಮುಂದಿನ ವರ್ಷಕ್ಕೆ ಕೂಡಿಟ್ಟುಕೊಳ್ಳುತ್ತದೆ. ಕೇರಳದ ತೇಗದಲ್ಲೂ ಹೀಗೇ ಅಂತ ಬರೆದಿದ್ದಾರೆ, ಆದರೂ ನಮ್ಮ ಜನ ಮುಂಗಾರು ಮುಂಗಾರು ಅಂತ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ. ಕೊಡಲಿಯ ಪ್ರಶ್ನೆಗೂ ಉತ್ತರ ಇದೆ. ತೆಳುವು ಮಾಡಿದ ಮೇಲೆ ಉಂಗುರ ನಾಲ್ಕೈದು ವರ್ಷ ಉಬ್ಬಿ ನಿಧಾನಕ್ಕೆ ಇಳಿಯುತ್ತದೆ. ಒಂದೇ ವರ್ಷದ ತಗ್ಗು ಹಾಗಿರಲ್ಲ. ತೋಪಿನಿಂದ ತೋಪಿಗೆ ತೆಳುವು ಮಾಡಿದ ವರ್ಷ ಬೇರೆ ಬೇರೆ, ಬರದ ವರ್ಷ ಮಾತ್ರ ಎಲ್ಲಕ್ಕೂ ಒಂದೇ. ಅಳತೆಗಳ ಮೇಲೆ ಬಾಗುವ ರೇಖೆಯನ್ನು ಎಷ್ಟು ಬಿಗಿಯಾಗಿ ಹಾಕಿ ಆ ಉಬ್ಬು ತೆಗೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಷ್ಟಾದರೂ ಗುರುಗಳು ಒಪ್ಪಲಿಲ್ಲ. ನೀನು ಬೇಕಾದ ಹಾಗೆ ಉಂಗುರ ಸೇರಿಸಿ ತೆಗೆದು ಹೊಂದಿಸಿದ್ದೀಯ ಅಂದರು. ನ್ಯಾಯವಾದ ಮಾತೇ. ಅದಕ್ಕೆ ಬಾಂಬಿನ ಕಾರ್ಬನ್ ಮೊರೆ ಹೋದೆ. 1950ರ ದಶಕದ ನಡುವಿನಿಂದ ಗಾಳಿಯಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿ ಮಾಡಿ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ) ಏರಿತು. ಅಂಥ ಪರೀಕ್ಷೆ ನಿಲ್ಲಿಸುವ 1963ರ ಒಪ್ಪಂದದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತಾ ಬಂತು. ಆ ಏರಿಳಿತ ಪ್ರತಿ ಉಂಗುರದಲ್ಲೂ ಕೂತಿರುತ್ತದೆ. ಒಂದು ಬಿಲ್ಲೆಯಿಂದ 1957, 1962, 1965, 1975 ಅಂತ ನಾನು ಎಣಿಸಿದ ಉಂಗುರಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆದೆ. ಮರವನ್ನು ಹಾಗೇ ಕೊಡಬಾರದು, ತೇಗದ ಎಣ್ಣೆ ಉಂಗುರದಿಂದ ಉಂಗುರಕ್ಕೆ ಓಡಾಡುತ್ತದೆ, ಬರೀ ಸೆಲ್ಯುಲೋಸ್ ಬೇಕು. ಒಂದೊಂದು ಮಾದರಿಗೂ 10 ಸಾವಿರದ ಮೇಲೆಯೇ ಬಿತ್ತು, ಸ್ವಂತ ಜೇಬು. ಹೆಂಡತಿ ಫ್ರಿಜ್ ಬದಲಾಯಿಸುವ ಯೋಜನೆ ಆ ವರ್ಷ ಮುಂದಕ್ಕೆ ಹೋಯ್ತು. ಫಲಿತಾಂಶ ಬಂತು: 1957 ಕೆಳಗೆ, 1962 ಏರುದಾರಿಯಲ್ಲಿ, 1965 ಬಾಂಬ್ ಮುಂಚಿನ ಮಟ್ಟದ ಒಂದೂವರೆ ಪಟ್ಟಿಗಿಂತ ಮೇಲೆ, 1975 ಇಳಿದಿತ್ತು. ಒಂದು ವರ್ಷ ಹಿಂದೆ ಮುಂದೆ ಆಗಿದ್ದರೂ ಏರುದಾರಿಯ ಮಾದರಿ ಹೇಳಿಬಿಡುತ್ತಿತ್ತು. ಗುರುಗಳಿಗೆ ಆ ಹಾಳೆಯ ಫೋಟೋ ಕಳಿಸಿದೆ. ವಾಟ್ಸಾಪ್‌ನಲ್ಲಿ ಎರಡು ನೀಲಿ ಟಿಕ್ ಬಿತ್ತು, ಉತ್ತರ ಮಾರನೇ ದಿನ ಬಂತು: "ಇನ್ನೊಂದು ಮರದಲ್ಲೂ ಮಾಡು."

ನಡುವೆ ಬೇರೆ ಮರಗಳಿಗೂ ಕೈ ಹಾಕಿದ್ದೆ. ಹಲಸಿನಲ್ಲಿ ಕಣ್ಣಿಗೆ ಹಿತ, ಲೆಕ್ಕಕ್ಕೆ ಶೂನ್ಯ. ಮತ್ತಿಯಲ್ಲಿ ಉಂಗುರ ಇದೆ ಅನ್ನಿಸುತ್ತದೆ, ಎರಡನೇ ಸಲ ಎಣಿಸಿದರೆ ಬೇರೆ ಸಂಖ್ಯೆ. ಗಂಧಗರಿಗೆ ಮರ ಮಾತ್ರ ಆಸೆ ಹುಟ್ಟಿಸಿದೆ, ಗಡಿ ತೇಗದಷ್ಟೇ ಸ್ಪಷ್ಟ, ಉಜ್ಜಲು ಬೆಣ್ಣೆ. ಬಿಲ್ಲೆ ಸಿಗೋದೇ ಕಷ್ಟ.

ಇನ್ನೊಂದು ಹುಚ್ಚು, ಹಳೆ ಮನೆಯ ತೊಲೆಗಳು. ಸಿರ್ಸಿ ಕಡೆ ಹಳೆ ಮನೆ ಕೆಡವಿದಾಗ ತೇಗದ ತೊಲೆಗಳ ತುದಿ ತಂದೆ. ಹೊರಗಿನ ಬಿಳಿ ಭಾಗವನ್ನು ಆ ಕಾಲದ ಆಚಾರಿ ಕೆತ್ತಿ ತೆಗೆದಿರುತ್ತಾರೆ, ಕೊನೆಯ ವರ್ಷ ಗೊತ್ತಾಗಲ್ಲ. ಆದರೆ ಒಳಗೆ 120ಕ್ಕೂ ಹೆಚ್ಚು ಉಂಗುರ ಇದೆ. ನನ್ನ ಸರಣಿಯ ಹಳೆಯ ತುದಿಯ ಜೊತೆ ಇಟ್ಟರೆ ಒಂದು ಕಡೆ ಕೂರುತ್ತದೆ, ಹಾಗೆ ಕೂತರೆ 1876 ಮತ್ತು 1877ರ ಜಾಗದಲ್ಲಿ ಎರಡು ಸಣ್ಣ ಉಂಗುರ ಬರುತ್ತವೆ. ಧಾತು ಈಶ್ವರ ಸಂವತ್ಸರಗಳ ಬರ, ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲೊಂದು ಪಾಲು ಜನರನ್ನು ನುಂಗಿದ್ದು. ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಆದರೆ ಎರಡೂ ಸರಣಿ ಒಟ್ಟಿಗೆ ಇರುವುದು 30 ವರ್ಷ ಮಾತ್ರ. ಅಷ್ಟರಲ್ಲಿ ಯಾವ ತೊಲೆಯನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಹಾಗಾಗಿ ಅದನ್ನು ಲೇಖನದಲ್ಲಿ ಸೇರಿಸಿಲ್ಲ.

ಒಟ್ಟು ಖರ್ಚು ಲೆಕ್ಕ ಹಾಕಿದರೆ ಎರಡೂವರೆ ಲಕ್ಷ ದಾಟಿದೆ, ಅದರಲ್ಲಿ ಬೋರರ್ ಪೂರ್ತಿ ದಂಡ. ಈಗ ಶುರು ಮಾಡುವವರಿಗೆ 60 ಸಾವಿರ ಸಾಕು, ಕಾರ್ಬನ್ ಬಿಟ್ಟು. ಆ ತೊಲೆಯನ್ನು ಗಟ್ಟಿ ಮಾಡಲು 1850ರಿಂದ 1920ರ ನಡುವೆ ಬೆಳೆದ ತೇಗ ಬೇಕು, ಹಾನಗಲ್, ಮುಂಡಗೋಡ ಸುತ್ತಮುತ್ತಲಿನದ್ದಾದರೆ ಇನ್ನೂ ಒಳ್ಳೆಯದು. ಹಳೆ ಮನೆ, ಚಕ್ಕಡಿ ಅಚ್ಚು, ಬಾವಿ ಕಂಬ ಯಾವುದಾದರೂ ಸರಿ. ಕತ್ತರಿಸುವುದಕ್ಕೆ ಮುಂಚೆ ತುದಿಯ ಫೋಟೋ ಕಳಿಸಿ, ಹುಳ ತಿಂದಿದ್ದರೂ ಪರವಾಗಿಲ್ಲ. ಬಣ್ಣ ಬಳಿದದ್ದು ಬೇಡ.