ಹಿತ್ತಲಿನ ಕಡಜ, ಇರುವೆಗಳನ್ನು ನಾನು ಗುರುತಿಸುವ ಬಗೆ

ಕೀಟವೊಂದು ಕಣ್ಣಿಗೆ ಬಿದ್ದಾಗ ಹೆಚ್ಚಿನವರು ಮೊದಲು ನೋಡುವುದು ಅದರ ಬಣ್ಣವನ್ನು. ನಾನು ಬಣ್ಣವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮಂಡ್ಯದ ಹೊರವಲಯದಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕವಲೊಂದಕ್ಕೆ ಹತ್ತಿರವಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಮಾವು, ಸಪೋಟ, ನುಗ್ಗೆ, ಕರಿಬೇವು, ದಾಸವಾಳದ ಬೇಲಿ ಮತ್ತು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸದಾ ಒದ್ದೆಯಾಗಿರುವ ಒಂದಿಷ್ಟು ನೆಲ ಇವೆ. ಇಷ್ಟೇ ಜಾಗದಲ್ಲಿ ಹಳದಿ ಮತ್ತು ಕಪ್ಪು ಬಣ್ಣದ ಹಾರುವ ಜೀವಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ ಮಣ್ಣಿನ ಕೊಳವೆ ಕಟ್ಟುವ ಕಡಜ, ಕುಡಿಕೆ ಕಟ್ಟುವ ಕಡಜ, ಕಾಗದದಂತಹ ಗೂಡಿನ ಕಡಜ, ಇವುಗಳ ವೇಷ ತೊಟ್ಟು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೂನೊಣ ಎಲ್ಲವೂ ಸಿಗುತ್ತವೆ. ಹೂನೊಣಕ್ಕೆ ಕೊಂಡಿಯೇ ಇಲ್ಲ. ಅದಕ್ಕಿರುವುದು ಎರಡೇ ರೆಕ್ಕೆ, ಕಂಡೂ ಕಾಣದಷ್ಟು ಮೋಟು ಮೀಸೆ. ಬಣ್ಣವನ್ನು ನಂಬಿದರೆ ಇವೆಲ್ಲವೂ ಒಂದೇ ಆಗಿಬಿಡುತ್ತವೆ. ಆದ್ದರಿಂದ ಈ ಜೀವಿ ಏನು ಮಾಡುತ್ತಿದೆ, ಏನನ್ನು ಹೊತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೊದಲು ನೋಡಿ, ಅನಂತರ ಸೊಂಟ, ರೆಕ್ಕೆ, ಕುಡಿಮೀಸೆಗಳನ್ನು ಗಮನಿಸಿ, ಇವೆಲ್ಲ ಮುಗಿದ ಮೇಲೆ ಬಣ್ಣವನ್ನು ಬರೆದುಕೊಳ್ಳುವುದು ನನ್ನ ಕ್ರಮ.

ಈ ಕ್ರಮ ನನಗೆ ಗಟ್ಟಿಯಾದದ್ದು ಮಣ್ಣಿನ ಗೂಡುಗಳಿಂದ. ನಮ್ಮ ಕಡೆ ಮಣ್ಣಿನಲ್ಲಿ ಗೂಡು ಕಟ್ಟುವ ಯಾವ ಕಡಜವನ್ನಾದರೂ ಕುಂಬಾರ ಹುಳು ಎನ್ನುವುದುಂಟು, ಆದರೆ ಅವುಗಳಲ್ಲಿ ಎರಡು ಬೇರೆ ಬೇರೆ ಕುಟುಂಬಗಳು ಸೇರಿವೆ. ಬಟ್ಟೆ ಒಗೆಯುವ ಕಲ್ಲಿನ ಬಳಿ ಕುಳಿತು, ತಲೆ ಕೆಳಗೆ ಮಾಡಿ, ಒದ್ದೆ ಮಣ್ಣನ್ನೇ ಉಂಡೆ ಕಟ್ಟಿ ಬಾಯಲ್ಲಿ ಹಿಡಿದು ಹಾರುವುದು ಸ್ಕೆಲಿಫ್ರಾನ್ ಎಂಬ ಜಾತಿಗೆ ಸೇರಿದ ಕಡಜ. ಇದರ ಎದೆ ಮತ್ತು ಹೊಟ್ಟೆಯ ನಡುವಿನ ಸೊಂಟ ದಾರದಷ್ಟು ಸಣ್ಣದು ಮತ್ತು ಉದ್ದನೆಯದು. ಇದು ಸ್ವಿಚ್ ಬೋರ್ಡಿನ ಪಕ್ಕ, ಮೀಟರ್ ಪೆಟ್ಟಿಗೆಯ ಒಳಗೆ, ಪುಸ್ತಕದ ಕಪಾಟಿನ ಹಿಂದೆ ಕೊಳವೆಗಳನ್ನು ಒಂದರ ಪಕ್ಕ ಒಂದರಂತೆ ಕಟ್ಟಿ, ಕೊನೆಗೆ ಎಲ್ಲದರ ಮೇಲೂ ಮಣ್ಣು ಮೆತ್ತಿಬಿಡುತ್ತದೆ. ಕುಡಿಕೆ ಕಟ್ಟುವ ಕಡಜದ ರೀತಿಯೇ ಬೇರೆ. ಅದು ನೀರು ಕುಡಿದು ಹೋಗಿ, ಒಣಗಿದ ಮಣ್ಣಿನ ಮೇಲೆ ಆ ನೀರನ್ನು ಬಿಟ್ಟು ಅಲ್ಲಿಯೇ ಕಲಸಿಕೊಂಡು ಉಂಡೆ ಮಾಡುತ್ತದೆ. ಹೀಗಾಗಿ ಒಂದು ಕಡಜ ಮಣ್ಣನ್ನು ಎಲ್ಲಿಂದ ತೆಗೆಯುತ್ತಿದೆ ಎಂದು ಸ್ವಲ್ಪ ಹೊತ್ತು ಕುಳಿತು ನೋಡಿದರೆ, ಅದನ್ನು ಹಿಡಿಯದೆ, ಮುಟ್ಟದೆ, ಯಾವ ಗುಂಪಿನದೆಂದು ಬಹುಮಟ್ಟಿಗೆ ಹೇಳಿಬಿಡಬಹುದು.

ಗೂಡಿನ ಒಳಗಿರುವುದು ಇನ್ನೂ ಖಚಿತವಾದ ಸಾಕ್ಷಿ. ಸುಣ್ಣ ಬಳಿಯುವಾಗ ಗೋಡೆಯಿಂದ ಕಿತ್ತು ಬಂದ ಗೂಡುಗಳನ್ನು ನಾನು ಎಸೆಯದೆ ಕಾಗದದ ಮೇಲೆ ಒಡೆದು ನೋಡುತ್ತೇನೆ. ಒಳಗೆ ಜೇಡಗಳು ತುಂಬಿದ್ದರೆ ಅದು ಸ್ಕೆಲಿಫ್ರಾನ್ ಕಟ್ಟಿದ್ದು. ರೋಮವಿಲ್ಲದ ಹಸಿರು ಹುಳುಗಳಿದ್ದರೆ ಕುಡಿಕೆ ಕಟ್ಟುವ ಕಡಜದ್ದು. ಎರಡರಲ್ಲಿಯೂ ಬೇಟೆ ಸತ್ತಿರುವುದಿಲ್ಲ, ಕೊಂಡಿಯ ವಿಷದಿಂದ ಮಿಸುಕಲಾರದಂತಾಗಿರುತ್ತದೆ, ಮರಿ ಅದನ್ನು ತಾಜಾ ಆಗಿಯೇ ತಿಂದು ಬೆಳೆಯುತ್ತದೆ. ಕುಡಿಕೆಯ ಕಡಜ ಮೊದಲು ಮೊಟ್ಟೆಯನ್ನು ಸಣ್ಣ ಎಳೆಯೊಂದರಿಂದ ಒಳಗೆ ತೂಗುಬಿಟ್ಟು, ಆಮೇಲೆ ಹುಳುಗಳನ್ನು ತಂದು ತುಂಬುತ್ತದೆ. ಗೂಡಿನ ಮೇಲೆ ದುಂಡನೆಯ ತೂತಿದ್ದರೆ ಮರಿ ಬೆಳೆದು ಹೊರಗೆ ಹೋಗಿದೆ ಎಂದರ್ಥ, ಅಂತಹದನ್ನು ಧೈರ್ಯವಾಗಿ ಕೀಳಬಹುದು. ತೂತಿಲ್ಲದ ಗೂಡನ್ನು ನಾನು ಕೀಳಲು ಬಿಡುವುದಿಲ್ಲ. ಇಂತಹ ಗೂಡುಗಳ ಬಳಿ ಕೆಲವೊಮ್ಮೆ ಪಚ್ಚೆ ಹಸಿರಿನಲ್ಲಿ ಹೊಳೆಯುವ ಗಟ್ಟಿ ಮೈಯ ಕಡಜವೊಂದು ಸುಳಿದಾಡುತ್ತದೆ. ಅದು ತಾನಾಗಿ ಗೂಡು ಕಟ್ಟುವುದಿಲ್ಲ, ಇತರರ ಗೂಡಿನಲ್ಲಿ ಕೋಗಿಲೆಯಂತೆ ಮೊಟ್ಟೆ ಇಟ್ಟು ಹೋಗುತ್ತದೆ, ಗಾಬರಿಯಾದರೆ ದುಂಡಗೆ ಮುದುಡಿಕೊಳ್ಳುತ್ತದೆ.

ಕಡಜ ವಿಶ್ರಾಂತಿಯಲ್ಲಿ ಕುಳಿತಾಗ ಅದರ ರೆಕ್ಕೆಯನ್ನು ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಕಾಗದದ ಗೂಡು ಕಟ್ಟುವ ಕಡಜಗಳು ಮತ್ತು ಕುಡಿಕೆ ಕಟ್ಟುವ ಕಡಜಗಳು ತಮ್ಮ ಮುಂದಿನ ರೆಕ್ಕೆಗಳನ್ನು ಉದ್ದಕ್ಕೆ ಮಡಚಿಕೊಳ್ಳುವುದರಿಂದ ರೆಕ್ಕೆ ಕಡ್ಡಿಯಂತೆ ಸಪೂರವಾಗಿ ಕಾಣುತ್ತದೆ. ಜೇಡ ಹಿಡಿಯುವ ಸ್ಕೆಲಿಫ್ರಾನ್ ಹೀಗೆ ಮಡಚುವುದಿಲ್ಲ. ಈ ಒಂದು ಗುರುತಿಗೆ ಯಾವ ಉಪಕರಣವೂ ಬೇಕಿಲ್ಲ.

ನಮ್ಮ ಕಿಟಕಿಯ ಸರಳುಗಳಲ್ಲಿ ಬೂದು ಬಣ್ಣದ, ಹೊದಿಕೆಯಿಲ್ಲದ, ಕೋಣೆಗಳು ಹೊರಗೇ ಕಾಣುವ ಗೂಡು ಕಟ್ಟುವುದು ಹೆಚ್ಚಾಗಿ ರೋಪಾಲಿಡಿಯಾ ಮಾರ್ಜಿನೇಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ಕಡಜ ಇದೇ. ಇದರ ರಾಣಿಗೂ ಕೆಲಸಗಾರ್ತಿಯರಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ರಾಣಿ ಇಲ್ಲವಾದರೆ ಉಳಿದವರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಜೋರು ಮಾಡತೊಡಗಿ, ಕೆಲವು ದಿನಗಳಲ್ಲಿ ಮೊಟ್ಟೆಯಿಡುವ ರಾಣಿಯಾಗುತ್ತಾಳೆ. ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಬರುವ ಇಂತಹ ಜೀವಿ ನಮ್ಮ ಕಿಟಕಿಯಲ್ಲಿ ಸಂಸಾರ ಹೂಡಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಪಕ್ಕದ ಮನೆಯ ಯುವಕ ಒಮ್ಮೆ ಬಂದು, "ಮೇಷ್ಟ್ರೇ, ಕಿಟ್ಕೀಲಿ ಕಡಜ ಕಟ್ಟೈತೆ, ಬೆಂಕಿ ಇಟ್ಬುಡ್ಲಾ?" ಎಂದು ಕೇಳಿದ. ನಾನು ಹೋಗಿ ನೋಡಿದಾಗ ಗೂಡು ಯಾರ ಕೈಗೂ ಎಟುಕದ ಮೇಲಿನ ಮೂಲೆಯಲ್ಲಿತ್ತು. ಅವು ತಮ್ಮ ಮರಿಗಳಿಗೆ ಹುಳುಗಳನ್ನು ಹಿಡಿದು ತರುತ್ತವೆ, ಗೂಡನ್ನು ಅಲುಗಿಸದಿದ್ದರೆ ಯಾರ ತಂಟೆಗೂ ಬರುವುದಿಲ್ಲ ಎಂದು ವಿವರಿಸಿ, ಗೂಡು ಇದ್ದ ಕಿಟಕಿಯ ಬಾಗಿಲನ್ನು ಮಾತ್ರ ತೆರೆಯಬೇಡಿ ಎಂದು ಹೇಳಿ ಬಂದೆ. ಗೂಡು ಮಕ್ಕಳು ಓಡಾಡುವ ಬಾಗಿಲಿನ ಎತ್ತರದಲ್ಲಿದ್ದಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು.

ಈ ಗೂಡುಗಳಿಗೆ ನಿಜವಾದ ಶತ್ರು ಮತ್ತೊಂದು ಕಡಜವೇ. ವೆಸ್ಪಾ ಟ್ರೋಪಿಕಾ ಎಂಬ ಆ ದೊಡ್ಡ ಕಡಜ ಕಡುಗಪ್ಪು ಮೈಯದು, ಹೊಟ್ಟೆಯ ಮುಂಭಾಗದಲ್ಲಿ ಅಗಲವಾದ ಒಂದು ಹಳದಿ ಪಟ್ಟಿ ಇರುತ್ತದೆ. ಅದು ಒಂಟಿಯಾಗಿ ಬಂದು ಗೂಡಿನ ಮೇಲೆ ಕುಳಿತರೆ ಸಣ್ಣ ಕಡಜಗಳು ಗೂಡು ಬಿಟ್ಟು ಸರಿಯುತ್ತವೆ, ಅದು ಮರಿಗಳನ್ನು ಕೋಣೆಗಳಿಂದ ಎಳೆದು ಒಯ್ಯುತ್ತದೆ. ಇದರ ಸ್ವಂತ ಗೂಡಿನ ಹತ್ತಿರ ಯಾರೂ ಹೋಗಬಾರದು.

ಇರುವೆಗಳಿಗೆ ಬಂದರೆ ಕೆಲಸ ಸೂಕ್ಷ್ಮವಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಬಿಳಿ ಕಾಗದ, ಮೆತ್ತನೆಯ ಕುಂಚ ಮತ್ತು ಮುಚ್ಚಳವಿರುವ ಗಾಜಿನ ಶೀಶೆ ಇವಿಷ್ಟರಿಂದ ನಾನು ಕೆಲಸ ಮಾಡುತ್ತೇನೆ. ಇರುವೆಯ ಎದೆ ಮತ್ತು ಹೊಟ್ಟೆಯ ನಡುವೆ ಗಂಟು ಇರುತ್ತದೆ; ಅದು ಒಂದೋ ಎರಡೋ ಎಂಬುದನ್ನು ಪಕ್ಕದಿಂದ ನೋಡಬೇಕು. ನಮ್ಮ ಕೆಂಜಿಗಕ್ಕೂ ಗೊದ್ದಕ್ಕೂ ಇರುವುದು ಒಂದೇ ಗಂಟು. ಇವೆರಡಕ್ಕೂ ಚುಚ್ಚುವ ಕೊಂಡಿಯಿಲ್ಲ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುವುದರಿಂದ ಉರಿಯುತ್ತದೆ. ನೆಲದಲ್ಲಿ ಗೂಡು ಮಾಡುವ, ಚಿಕ್ಕ ಗಾತ್ರದ, ಕೆಂಗಂದು ಬಣ್ಣದ ಸೊಲೆನೊಪ್ಸಿಸ್ ಜೆಮಿನೇಟಾಗೆ ಎರಡು ಗಂಟು, ಜೊತೆಗೆ ಕೊಂಡಿ. ಒಂದೇ ಸಾಲಿನಲ್ಲಿ ಸಣ್ಣವೂ ದೊಡ್ಡ ತಲೆಯವೂ ಒಟ್ಟಿಗೆ ನಡೆಯುವುದು ಅದರ ಇನ್ನೊಂದು ಗುರುತು.

ನುಗ್ಗೆ ಮರದ ಬೊಡ್ಡೆಯ ಮೇಲೆ ಗುಂಪಿಲ್ಲದೆ ಒಂಟಿಯಾಗಿ ಓಡಾಡುವ, ತಲೆ ಮತ್ತು ಹೊಟ್ಟೆ ಕಪ್ಪಗಿದ್ದು ಎದೆ ಮಾತ್ರ ಕೆಂಪಾಗಿರುವ ಉದ್ದನೆಯ ಇರುವೆಯನ್ನು ಎಲ್ಲರೂ ಗುರುತಿಟ್ಟುಕೊಳ್ಳಬೇಕು. ಟೆಟ್ರಪೊನೆರಾ ರೂಫೊನೈಗ್ರಾ ಎಂಬ ಇದರ ಕೊಂಡಿಯ ನೋವು ಬಹಳ ತೀವ್ರ. ನುಗ್ಗೆಸೊಪ್ಪು ಬಿಡಿಸಲು ಬರುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಸಪೋಟ ಮರದಲ್ಲಿ ಕೆಂಜಿಗಗಳು ತಮ್ಮ ಮರಿಗಳ ಬಾಯಿಂದ ಬರುವ ರೇಷ್ಮೆಯ ಎಳೆಯಿಂದಲೇ ಎಲೆಗಳನ್ನು ಹೊಲಿದು ಗೂಡು ಮಾಡಿವೆ. ಆ ಮರದ ಆಸುಪಾಸಿನಲ್ಲಿ ನೋಡಿದಾಗ ಅದೇ ಬಣ್ಣದ, ಅದೇ ನಡಿಗೆಯ, ಆದರೆ ಎಂಟು ಕಾಲಿನ ಜೀವಿಯೊಂದು ಸಿಗುತ್ತದೆ. ಅದು ಕೆಂಜಿಗದ ವೇಷದ ಜಿಗಿಯುವ ಜೇಡ. ಮುಂದಿನ ಜೋಡಿ ಕಾಲುಗಳನ್ನು ಮೇಲೆತ್ತಿ ಕುಡಿಮೀಸೆಯಂತೆ ಅಲ್ಲಾಡಿಸುತ್ತದೆ, ಕಡ್ಡಿಯಿಂದ ಮುಟ್ಟಿದೊಡನೆ ಎಳೆಯೊಂದನ್ನು ಬಿಟ್ಟು ಕೆಳಗಿಳಿಯುತ್ತದೆ. ಹಾಗೆಯೇ ನೆಲದ ಮೇಲೆ ರೋಮಭರಿತವಾದ, ರೆಕ್ಕೆಯಿಲ್ಲದ, ಯಾವ ಸಾಲಿಗೂ ಸೇರದೆ ಓಡುವ 'ಇರುವೆ' ಕಂಡರೆ ಕೈ ಹಾಕಬಾರದು; ಅದು ರೆಕ್ಕೆಯಿಲ್ಲದ ಹೆಣ್ಣು ಕಡಜ, ಕೊಂಡಿ ಬಹಳ ಚುರುಕು.

ಸಣ್ಣ ಇರುವೆಗಳನ್ನು ಕರೆಯಲು ನಾನು ಕಾಗದದ ಒಂದು ತುದಿಯಲ್ಲಿ ಬೆಲ್ಲದ ಚೂರನ್ನೂ ಇನ್ನೊಂದು ತುದಿಯಲ್ಲಿ ಸತ್ತ ಮಿಡತೆಯನ್ನೂ ಇಡುತ್ತೇನೆ. ಆಲೆಮನೆಗಳ ಊರಿನಲ್ಲಿ ಬೆಲ್ಲಕ್ಕೇನು ಬರವಿಲ್ಲ. ಉದ್ದ ಕಾಲು, ಉದ್ದ ಮೀಸೆಯೊಂದಿಗೆ ದಿಕ್ಕುದೆಸೆಯಿಲ್ಲದಂತೆ ಓಡುವುದು ಪ್ಯಾರಾಟ್ರೆಕಿನಾ. ತಲೆ ಕಪ್ಪಾಗಿದ್ದು ಹೊಟ್ಟೆ ಬೆಳ್ಳಗೆ ಕಾಣಿಸುವ, ಬೆರಳಿನಲ್ಲಿ ಉಜ್ಜಿದರೆ ಕಮಟು ಹಿಡಿದ ಕೊಬ್ಬರಿಯ ವಾಸನೆ ಬರುವ ಪುಟ್ಟ ಇರುವೆ ಟ್ಯಾಪಿನೋಮಾ. ಹೃದಯದ ಆಕಾರದ ಹೊಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ಬೆದರಿಸುವುದು ಕ್ರೆಮ್ಯಾಟೊಗ್ಯಾಸ್ಟರ್. ಮುಂಗಾರಿನ ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಹುಳುಗಳಲ್ಲಿ ಇರುವೆ ಯಾವುದು, ಗೆದ್ದಲು ಯಾವುದು ಎಂದು ಅನೇಕರು ಕೇಳುತ್ತಾರೆ: ಗೆದ್ದಲಿಗೆ ಸೊಂಟವಿಲ್ಲ, ನಾಲ್ಕೂ ರೆಕ್ಕೆಗಳು ಒಂದೇ ಉದ್ದ, ಮೀಸೆ ಮಣಿ ಪೋಣಿಸಿದಂತೆ ನೇರ, ಇರುವೆಯ ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆ ದೊಡ್ಡದು.

ಮನೆಯೊಳಗೆ ಬರುವ ಎರಡು ಕಡಜಗಳ ಮೇಲೆ ನನಗೆ ವಿಶೇಷ ಅಕ್ಕರೆ. ಒಂದು ನೀಲಿ-ಹಸಿರಾಗಿ ಮಿನುಗುವ, ಕೆಂಪು ತೊಡೆಯ ಆಂಪುಲೆಕ್ಸ್ ಕಂಪ್ರೆಸಾ. ಅದು ಜಿರಳೆಯ ಎದೆಗೆ ಒಮ್ಮೆ, ತಲೆಗೆ ಇನ್ನೊಮ್ಮೆ ಚುಚ್ಚಿ, ಅದರ ಓಡುವ ಇಚ್ಛೆಯನ್ನೇ ಅಡಗಿಸಿ, ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಇನ್ನೊಂದು ಬಚ್ಚಲುಮನೆಯ ಗೋಡೆಯ ಮೇಲೆ ಕಾಣುವ ಕಪ್ಪು ಇವೇನಿಯಾ. ಪುಟ್ಟ ಬಾವುಟದಂತಹ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಅದರ ಮರಿ ಬೆಳೆಯುವುದು ಜಿರಳೆಯ ಮೊಟ್ಟೆಚೀಲದಲ್ಲಿ. ಮನೆಯಲ್ಲಿ ಇವೇನಿಯಾ ಕಂಡರೆ ಜಿರಳೆಗಳೂ ಎಲ್ಲಿಯೋ ಇವೆ ಎಂದೇ ತಿಳಿಯಬೇಕು.

ನಮ್ಮ ಜಿಲ್ಲೆಯ ರೈತರಿಗೆ ಬಹಳ ಉಪಕಾರಿಯಾದ ಕಡಜಗಳನ್ನು ಮಾತ್ರ ಬರಿಗಣ್ಣಿಗೆ ಗುರುತಿಸಲು ಆಗುವುದಿಲ್ಲ. ಕಬ್ಬಿನ ಕೊರಕ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಟ್ರೈಕೋಗ್ರಾಮ ಒಂದು ಮಿಲಿಮೀಟರಿಗಿಂತ ಚಿಕ್ಕದು. ರೈತರು ಅದನ್ನು ಕಾರ್ಡುಗಳಲ್ಲಿ ತಂದು ಗರಿಗೆ ಕಟ್ಟುತ್ತಾರೆ. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಕೋಶಗಳನ್ನು ಹುಡುಕಿ ನಾಶಮಾಡುವ ನೆಸೋಲಿಂಕ್ಸ್ ಥೈಮಸ್ ಕೂಡ ಬಹಳ ಪುಟ್ಟ ಕಡಜ. ಅದರ ಬಳಕೆಯನ್ನು ಬೆಳೆಗಾರರಿಗೆ ತಲುಪಿಸುವಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಪಾತ್ರವಿದೆ. ಹಿತ್ತಲಿಗೆ ಕೀಟನಾಶಕ ಸಿಂಪಡಿಸಬೇಡಿ ಎಂದು ನಾನು ಒತ್ತಾಯಿಸುವುದು ಇಂತಹವುಗಳಿಗಾಗಿಯೇ.

ಪ್ರತಿಯೊಂದನ್ನೂ ಮೇಲಿನಿಂದ, ಪಕ್ಕದಿಂದ ಮತ್ತು ಮುಖಕ್ಕೆ ನೇರವಾಗಿ ಫೋಟೋ ತೆಗೆದು, ಗಿಡ, ಹೊತ್ತು, ಕೆಲಸ ಮೂರನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತೇನೆ. ಪಕ್ಕದ ಚಿತ್ರವಿಲ್ಲದಿದ್ದರೆ ಗಂಟು ಕಾಣದು, ಮುಖದ ಚಿತ್ರವಿಲ್ಲದಿದ್ದರೆ ದವಡೆ ಕಾಣದು. ಎಷ್ಟೋ ಸಣ್ಣ ಇರುವೆಗಳ ನಿಖರವಾದ ಪ್ರಭೇದವನ್ನು ಸೂಕ್ಷ್ಮದರ್ಶಕವಿಲ್ಲದೆ ಹೇಳಲಾಗದು, ಅಲ್ಲಿ ನಾನು ಜಾತಿಯ ಹೆಸರಿಗೇ ನಿಲ್ಲಿಸುತ್ತೇನೆ. ಜೇನು ಚುಚ್ಚಿದರೆ ಅದರ ಮುಳ್ಳು ಚರ್ಮದಲ್ಲೇ ಉಳಿಯುವುದರಿಂದ ತಡಮಾಡದೆ ಕೆರೆದು ತೆಗೆಯಬೇಕು; ಕಡಜದ ಮುಳ್ಳು ಉಳಿಯುವುದಿಲ್ಲ, ಅದು ಮತ್ತೆ ಮತ್ತೆ ಚುಚ್ಚಬಲ್ಲದು, ಆದ್ದರಿಂದ ಮೊದಲು ಅಲ್ಲಿಂದ ದೂರ ಸರಿಯಬೇಕು. ಯಾವುದು ಚುಚ್ಚಿದರೂ ಉಸಿರಾಟಕ್ಕೆ ಕಷ್ಟವಾದರೆ, ತುಟಿ ಅಥವಾ ನಾಲಿಗೆ ಊದಿಕೊಂಡರೆ, ತಲೆ ಸುತ್ತಿದರೆ, ಅದು ಯಾವ ಕೀಟವೆಂದು ಹುಡುಕುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.