ಸ್ಕೀಮ್ ಹುಡುಕುವ ಮೊದಲು ಆ ಕೆಲಸದ ಜನರನ್ನು ಹುಡುಕಿ: ಕರ್ನಾಟಕದಲ್ಲಿ ಉಚಿತ ಸೌಲಭ್ಯ ಪಡೆಯುವ ದಾರಿ

ತಾಲ್ಲೂಕು ಕಚೇರಿಯ ಕಾಂಪೌಂಡ್ ಪಕ್ಕದಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಒಂದು ಟೇಬಲ್, ಎರಡು ಸ್ಟೂಲ್, ಮೇಲೆ ಟಾರ್ಪಾಲ್. ಬರುವವರಲ್ಲಿ ಜಾಸ್ತಿ ಜನ ಕೇಳುವುದು ಒಂದೇ ಮಾತು: "ಅಕ್ಕಾ, ನಮಗೆ ಯಾವುದಾದ್ರೂ ಸ್ಕೀಮ್ ಬರುತ್ತಾ ನೋಡಿ."

ಹೀಗೆ ಕೇಳಿದರೆ ಹೇಳುವುದು ಕಷ್ಟ. ಸ್ಕೀಮಿನ ಹೆಸರು ಬದಲಾಗುತ್ತದೆ, ದುಡ್ಡಿನ ಲೆಕ್ಕ ಬದಲಾಗುತ್ತದೆ. ಸರ್ಕಾರ ಬದಲಾದರಂತೂ ಬೋರ್ಡೇ ಬದಲಾಗುತ್ತದೆ. ಆದರೆ ಸೌಲಭ್ಯ ಕೊಡಿಸುವ ಕೆಲಸಕ್ಕೆಂದೇ ಇರುವ ಜನ ಹಾಗೆ ಬದಲಾಗುವುದಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಆಸ್ಪತ್ರೆಯ ಆರೋಗ್ಯ ಮಿತ್ರ, ಕೋರ್ಟಿನ ಕಾನೂನು ಸೇವಾ ಸಮಿತಿಯವರು, ಪೋಸ್ಟ್‌ಮ್ಯಾನ್. ಹಾಗಾಗಿ ಸ್ಕೀಮಿನ ಹೆಸರು ಕೇಳಬೇಡಿ. ನಿಮ್ಮ ಕಷ್ಟ ಏನು ಅಂತ ಹೇಳಿ, ಅದನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿ. ಇದು ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುವ ಮಾತು, ಗೊತ್ತು. ಇರಲಿ.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ನನ್ನ ಟೇಬಲ್ ಮುಂದೆ ನಿಂತು ಹೋಗುವ ಕೆಲಸಗಳಲ್ಲಿ ಅರ್ಹತೆ ಇಲ್ಲದೆ ನಿಂತದ್ದು ಕಡಿಮೆ, ಹೆಸರು ಹೊಂದದೆ ನಿಂತದ್ದೇ ಜಾಸ್ತಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಿ. ಊರಿಗೆಲ್ಲ ಒಬ್ಬಳೇ ಲಕ್ಷ್ಮಮ್ಮ ಇರಬಹುದು, ಕಂಪ್ಯೂಟರಿಗೆ ಮೂವರು. ಯಾವುದೇ ಅರ್ಜಿ ಹಾಕುವ ಮೊದಲು ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಒಂದು ಎಚ್ಚರಿಕೆ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಸಲ ಮಾತ್ರ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅವಸರದಲ್ಲಿ ತಪ್ಪು ಸ್ಪೆಲ್ಲಿಂಗ್ ಬರೆಸಬೇಡಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಿ. ಬಂದ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಮಕ್ಕಳ ಸ್ಕಾಲರ್‌ಶಿಪ್, ಹಾಸ್ಟೆಲ್, ಸಾಲದ ಅರ್ಜಿ, ಎಲ್ಲಿ ಹೋದರೂ ಆ ನಂಬರ್ ಕೇಳುತ್ತಾರೆ. ಪತ್ರ ಕಳೆದರೂ ನಂಬರ್ ಇದ್ದರೆ ಇನ್ನೊಂದು ಪ್ರತಿ ತೆಗೆಸಬಹುದು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆದಾಯ ಪತ್ರ ನಡೆಯುವುದು ಐದು ವರ್ಷ. ಅವಧಿ ಮುಗಿಯುವ ಮುಂಚೆಯೇ ಹೊಸದು ಮಾಡಿಸಿ. ಸ್ಕಾಲರ್‌ಶಿಪ್ಪಿನ ಕೊನೆ ವಾರ ಕ್ಯೂ ನೋಡಿದರೆ ತಲೆ ತಿರುಗುತ್ತದೆ.

ಮೂರನೆಯದು ಬ್ಯಾಂಕ್ ಖಾತೆ. "ಆಧಾರ್ ಲಿಂಕ್ ಆಗಿದೆ" ಅಂತ ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಅಂತ ಕೇಳಿ. ಅಂದರೆ ಸರ್ಕಾರದ ದುಡ್ಡು ನಿಮ್ಮ ಯಾವ ಖಾತೆಗೆ ಬರಬೇಕು ಅಂತ ಆಧಾರ್ ಜೊತೆ ಗುರುತು ಮಾಡಿಡುವುದು. ಸರ್ಕಾರದ ದುಡ್ಡು ಬರುವುದು ಮ್ಯಾಪ್ ಆದ ಖಾತೆಗೆ ಮಾತ್ರ. ಎರಡು ಮೂರು ಖಾತೆ ಇರುವವರ ದುಡ್ಡು ಎಷ್ಟೋ ಸಲ ಅವರೇ ಮರೆತ ಹಳೇ ಖಾತೆಗೆ ಹೋಗಿ ಕೂತಿರುತ್ತದೆ. ಬ್ಯಾಂಕಿಗೆ ಅಲೆಯಲು ಆಗದ ಅಜ್ಜ ಅಜ್ಜಿಯರಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದುಕೊಡುತ್ತಾರೆ. ಬೆರಳಚ್ಚು ಕೊಟ್ಟರೆ ಸಾಕು.

ಆಸ್ಪತ್ರೆ: ದುಡ್ಡು ಕಟ್ಟುವ ಮೊದಲು ಒಬ್ಬರನ್ನು ನೋಡಿ

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬಡವರ ಮನೆ ಮುಳುಗುವುದು ಜಾಸ್ತಿ ಇಲ್ಲೇ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡಿನವರಿಗೆ ನಿಗದಿಯಾದ ಖರ್ಚಿನಲ್ಲಿ ಶೇಕಡ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. 2018ರಿಂದ ಇದೆ. ಇಷ್ಟು ಎಲ್ಲರಿಗೂ ಗೊತ್ತು. ದಾರಿ ಗೊತ್ತಿಲ್ಲ ಅಷ್ಟೆ.

ದಾರಿ ಹೀಗೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಆಗುವುದಾದರೆ ಅಲ್ಲೇ. ಆಗದಿದ್ದರೆ ಡಾಕ್ಟರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ, ಆಧಾರ್, ರೇಷನ್ ಕಾರ್ಡ್ ಹಿಡಿದು ಯೋಜನೆಗೆ ಸೇರಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಪಘಾತ, ಎದೆನೋವು ಇಂಥ ತುರ್ತಿನಲ್ಲಿ ಚೀಟಿ ಬೇಡ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಒಳಗೆ ಹೋದ ತಕ್ಷಣ ಬಿಲ್ ಕೌಂಟರಿಗೆ ಹೋಗಬೇಡಿ. "ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ?" ಅಂತ ಕೇಳಿ. ಈ ಯೋಜನೆಯ ಕೆಲಸಕ್ಕೆಂದೇ ಅಲ್ಲಿರುವವರು ಅವರು. ದಾಖಲೆ ನೋಡಿ, ಆಪರೇಷನ್‌ಗೆ ಮುಂಚೆಯೇ ಮಂಜೂರಾತಿಗೆ ಕಳಿಸುವ ವ್ಯವಸ್ಥೆ ಅವರ ಮೂಲಕವೇ ನಡೆಯುತ್ತದೆ. ಬಿಲ್ ಕಟ್ಟಿ ಆಮೇಲೆ ದುಡ್ಡು ವಾಪಸ್ ಪಡೆಯುವ ಇನ್ಶೂರೆನ್ಸ್ ತರಹದ್ದಲ್ಲ ಇದು. ಸಾಲ ಮಾಡಿ ಅಡ್ವಾನ್ಸ್ ಕಟ್ಟಿ, ಎರಡು ದಿನ ಬಿಟ್ಟು ಕಾರ್ಡ್ ತೋರಿಸಿದವರ ಅರ್ಜಿ ನಾನು ಬರೆದಿದ್ದೇನೆ. ಅಂಥ ಅರ್ಜಿಗೆ ಒಳ್ಳೆ ಉತ್ತರ ಬಂದದ್ದು ನಾನು ಕಂಡಿಲ್ಲ. ಯಾವ ಆಸ್ಪತ್ರೆ ಸೇರಿದೆ, ಯಾವುದು ಸೇರಿಲ್ಲ ಅಂತ ಮನೆಯಿಂದಲೇ ತಿಳಿಯಬೇಕಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಹೆರಿಗೆಗೆ ಇಷ್ಟೆಲ್ಲ ಓಡಾಟ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಟೆಸ್ಟು, ಅಲ್ಲಿದ್ದಷ್ಟು ದಿನದ ಊಟ ಎಲ್ಲವೂ ಉಚಿತ ಅಂತ 2011ರಿಂದಲೂ ನಿಯಮ ಇದೆ. ಮನೆಗೆ ಬಿಡುವ ಗಾಡಿಯೂ ಉಚಿತ. ಅದಕ್ಕೆ ನಗು-ಮಗು ಅಂತ ಹೆಸರು. ಡಿಸ್ಚಾರ್ಜ್ ದಿನ ಬಾಯಿಬಿಟ್ಟು ಕೇಳಿ. ಕೇಳದವರು ಬಾಣಂತಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತಾರೆ. ಬಸುರಿಯಾದಾಗಲೇ ಆಶಾ ಕಾರ್ಯಕರ್ತೆಯ ಬಳಿ ತಾಯಿ ಕಾರ್ಡ್ ಮಾಡಿಸಿದರೆ ಮುಂದಿನದು ಅವರಿಗೇ ಗೊತ್ತಿರುತ್ತದೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ.

ಬಿಪಿ, ಶುಗರ್ ಇರುವವರು ತಿಂಗಳು ತಿಂಗಳು ಮಾತ್ರೆಗೆ ಸುರಿಯುವ ದುಡ್ಡು ದೊಡ್ಡದು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ವಿಭಾಗದಲ್ಲಿ ಹೆಸರು ಬರೆಸಿ, ಅಲ್ಲಿ ಮಾತ್ರೆ ಉಚಿತ. ಪಟ್ಟಣದಲ್ಲಿದ್ದರೆ ಸರ್ಕಾರದ "ನಮ್ಮ ಕ್ಲಿನಿಕ್" ಇದೆ. ಅಲ್ಲಿ ಸಿಗದ ಮಾತ್ರೆಗೆ ಜನೌಷಧಿ ಕೇಂದ್ರ. ಬೇರೆ ಅಂಗಡಿಯ ಬ್ರ್ಯಾಂಡ್‌ಗಿಂತ ಬೆಲೆ ಅರ್ಧಕ್ಕೂ ಕಡಿಮೆ ಇರುತ್ತದೆ. ಅಲ್ಲಿ ಬ್ರ್ಯಾಂಡ್ ಹೆಸರು ಹೇಳಿದರೆ "ಇಲ್ಲ" ಅಂದುಬಿಡಬಹುದು. ಹಳೇ ಮಾತ್ರೆಯ ಹಾಳೆ ತೆಗೆದುಕೊಂಡು ಹೋಗಿ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂತ ಔಷಧಿಯ ನಿಜವಾದ ಹೆಸರು ಇರುತ್ತದೆ. ಅದನ್ನು ತೋರಿಸಿ. ಹೆಣ್ಣುಮಕ್ಕಳ ಪ್ಯಾಡ್ ಕೂಡ ಅಲ್ಲಿ ಒಂದಕ್ಕೆ ಒಂದು ರೂಪಾಯಿ.

ಕ್ಷಯ ರೋಗಕ್ಕೆ ಪೂರ್ತಿ ಚಿಕಿತ್ಸೆ ಉಚಿತ. ಜೊತೆಗೆ ಒಳ್ಳೆ ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಕಿಡ್ನಿ ಕೆಟ್ಟವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಇದೆ. ದೊಡ್ಡ ಹೃದಯದ ಆಪರೇಷನ್ ಅಂದರೆ ಬೆಂಗಳೂರು ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯನ್ನೂ ನೆನಪಿಟ್ಟುಕೊಳ್ಳಿ. 2001ರಿಂದ ಅಲ್ಲಿ ರೋಗಿಗಳಿಂದ ದುಡ್ಡು ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ. ಮನಸ್ಸಿಗೆ ಕಷ್ಟ ಆದವರಿಗೆ ಟೆಲಿ ಮಾನಸ್, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ.

ಕೋರ್ಟು ಅಂದರೆ ವಕೀಲರ ಫೀಸೇ ಅಲ್ಲ

ಗಂಡ ಬಿಟ್ಟುಹೋದ ಹೆಂಗಸರು ಬಂದು ಕೂತಾಗ ನಾನು ಅರ್ಜಿ ಬರೆಯುವುದಿಲ್ಲ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿ ಇರುವವರು ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಆದಾಯ ನೋಡುವುದು ಉಳಿದವರಿಗೆ. ವಕೀಲರ ಫೀಸು ಮಾತ್ರ ಅಲ್ಲ, ಕೋರ್ಟ್ ಫೀ, ಟೈಪಿಂಗ್ ಖರ್ಚು ಕೂಡ ಸಮಿತಿಯದೇ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರೂ ನಡೆಯುತ್ತದೆ. ಫೋನ್ ಮಾಡುವುದಾದರೆ 15100.

"ಸುಮ್ನೆ ಕೊಡೋ ವಕೀಲರು ಕೇಸ್ ಸರಿಯಾಗಿ ನಡೆಸ್ತಾರಾ ಅಕ್ಕಾ?" ಅಂತ ಕೇಳುತ್ತಾರೆ. ಕೆಲವರು ಚೆನ್ನಾಗಿ ನಡೆಸುತ್ತಾರೆ, ಕೆಲವರು ದಿನಾಂಕಕ್ಕೆ ಬರುವುದೇ ಇಲ್ಲ. ದುಡ್ಡು ಕೊಟ್ಟ ವಕೀಲರಲ್ಲೂ ಹಾಗೇ ಅಲ್ವಾ? ಆದರೆ ಇಲ್ಲಿ ಒಂದು ಅನುಕೂಲ ಇದೆ. ವಕೀಲರು ಸರಿ ಬರದಿದ್ದರೆ ಬೇರೆಯವರನ್ನು ಕೊಡಿ ಅಂತ ಅದೇ ಸಮಿತಿಗೆ ಬರೆದುಕೊಡಬಹುದು.

ಮನೆಯಲ್ಲಿ ಹೊಡೆತ ಬಡಿತ ಅಂದರೆ ಕಾಯಬೇಡಿ. 181ಕ್ಕೆ ಫೋನ್ ಮಾಡಿ. ಜಿಲ್ಲೆಗಳಲ್ಲಿ ಸಖಿ ಕೇಂದ್ರ ಇದೆ. ಚಿಕಿತ್ಸೆ, ಪೊಲೀಸ್ ದೂರು, ಕಾನೂನು ಸಲಹೆ, ಕೆಲ ದಿನ ಉಳಿಯುವ ಜಾಗ ಎಲ್ಲದಕ್ಕೂ ಅಲ್ಲೇ ಸಹಾಯ ಮಾಡುತ್ತಾರೆ. ಮಕ್ಕಳ ವಿಷಯಕ್ಕೆ 1098, ವಯಸ್ಸಾದವರ ವಿಷಯಕ್ಕೆ 14567.

ಪಾಸ್‌ಬುಕ್ಕಿನಲ್ಲಿ 20 ರೂಪಾಯಿ ಹುಡುಕಿ

ಇದು ಬಹಳ ಜನಕ್ಕೆ ತಿಳಿಯದ ವಿಷಯ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮೇ ಕೊನೆ, ಜೂನ್ ಮೊದಲ ದಿನಗಳ ಸಾಲು ನೋಡಿ. 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಯಾವ ಕಾರಣಕ್ಕೆ ಸತ್ತರೂ, ಎರಡನೆಯದರಲ್ಲಿ ಅಪಘಾತದಲ್ಲಿ ಸತ್ತರೆ, ನಾಮಿನಿಗೆ 2 ಲಕ್ಷ. ಖಾತೆ ತೆರೆಯುವಾಗ ಎಲ್ಲೆಂದರಲ್ಲಿ ಸಹಿ ಹಾಕಿಸಿಕೊಂಡಿರುತ್ತಾರೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ತಿಥಿ ಮುಗಿಯಲಿ ಅಂತ ತಡ ಮಾಡಬೇಡಿ, ಬ್ಯಾಂಕಿಗೆ ಬೇಗ ತಿಳಿಸಿ. ಅಪಘಾತ ಆಗಿದ್ದರೆ ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿಯ ಪ್ರತಿ ತೆಗೆದಿಟ್ಟುಕೊಳ್ಳಿ.

ಬದುಕಿರುವವರು ಈಗಲೇ ಸೇರಬಹುದು. ವರ್ಷಕ್ಕೆ 20 ರೂಪಾಯಿಯ ವಿಮೆಗೆ 18ರಿಂದ 70 ವರ್ಷ, 436ರದಕ್ಕೆ 18ರಿಂದ 50.

ಉಳಿದವು, ಬೇಗ ಬೇಗ

ಪಿಂಚಣಿಗೆ ನಾಡಕಚೇರಿ. ಅಂಗವಿಕಲರಿಗೆ ಪಂಚಾಯಿತಿಯಲ್ಲೇ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ವಿಆರ್‌ಡಬ್ಲ್ಯು ಅನ್ನುತ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಬಸ್ ಪಾಸ್, ಗಾಲಿಕುರ್ಚಿ, ಕಿವಿಯಂತ್ರ, ಎಲ್ಲದಕ್ಕೂ ಮೊದಲು ಅವರನ್ನು ಹಿಡಿಯಿರಿ.

ಊರು ಬಿಟ್ಟು ದುಡಿಯಲು ಹೋದವರು ರೇಷನ್‌ಗೆ ವಾಪಸ್ ಬರಬೇಕಿಲ್ಲ. ಇದ್ದ ಊರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ತೆಗೆದುಕೊಳ್ಳಬಹುದು. ಕೊಡುವುದಿಲ್ಲ ಅಂದರೆ 1967. ಪಟ್ಟಣದಲ್ಲಿ ಊಟಕ್ಕೆ ಇಂದಿರಾ ಕ್ಯಾಂಟೀನ್. ಅಲ್ಲಿ ಕಾರ್ಡ್ ಗೀರ್ಡ್ ಯಾರೂ ಕೇಳುವುದಿಲ್ಲ.

ಗಾರೆ, ಪೇಂಟಿಂಗ್, ಬಾರ್ ಬೆಂಡಿಂಗ್ ಕೆಲಸದವರು 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿ. ಮಕ್ಕಳ ಓದು, ಮದುವೆ, ಹೆರಿಗೆ, ಚಿಕಿತ್ಸೆಗೆ ನೆರವು ಇದೆ. ದುಡಿಯದವರು ಏಜೆಂಟ್ ಮಾತು ಕೇಳಿ ಕಾರ್ಡ್ ಮಾಡಿಸಬೇಡಿ. ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ನಿಜವಾಗಿ ದುಡಿಯುವವರ ಅರ್ಜಿಯೂ ಅದರಿಂದ ತಡವಾಗುತ್ತದೆ.

ಕೆಲಸ ಕಲಿಯಬೇಕು ಅನ್ನುವ ಹುಡುಗ ಹುಡುಗಿಯರಿಗೆ ರುಡ್‌ಸೆಟ್, ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಈಗ ಹೆಚ್ಚಿನ ಜಿಲ್ಲೆಗಳಲ್ಲಿ ಈ ತರಹದ ಸಂಸ್ಥೆ ಇದೆ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಕಲಿಸುತ್ತಾರೆ. ಊಟ, ವಸತಿ ಸಹಿತ ಉಚಿತ.

ಕೈಯಲ್ಲಿ ಒಂದು ಕಾಗದ ಇಲ್ಲದೆ ವಾಪಸ್ ಬರಬೇಡಿ

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ. ಸಕಾಲ ಅಂದರೆ ಇಂತಿಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ರಾಜ್ಯದ ಕಾನೂನು. ಅದರಲ್ಲಿ ಸೇರಿದ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಲೇಬೇಕು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಕೇಳಬಹುದು. ದುಡ್ಡು ದೊಡ್ಡದಲ್ಲ. ಆದರೆ ಆ ನಂಬರ್ ಇದ್ದರೆ ಕೌಂಟರಿನಲ್ಲಿ ಮಾತಾಡಿಸುವ ರೀತಿಯೇ ಬೇರೆ.

"ನಿಮಗೆ ಬರಲ್ಲ ಹೋಗಮ್ಮ" ಅಂತ ಬಾಯಿಮಾತಿನಲ್ಲಿ ಕಳಿಸಿದರೆ ಜಗಳ ಬೇಡ. "ಯಾಕೆ ಬರಲ್ಲ ಅಂತ ಹಿಂಬರಹ ಕೊಡಿ ಸಾರ್" ಅನ್ನಿ. ಅಷ್ಟೇ ಹೇಳಿ, ಸುಮ್ಮನೆ ನಿಂತುಕೊಳ್ಳಿ. ಬರೆದು ಸಹಿ ಹಾಕಬೇಕು ಅಂದ ತಕ್ಷಣ ಎಷ್ಟೋ ಜನ ಫೈಲನ್ನು ಇನ್ನೊಂದು ಸಲ ತೆಗೆದು ನೋಡುತ್ತಾರೆ. ಅದೂ ಆಗದಿದ್ದರೆ 1902ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಬರೆದುಕೊಳ್ಳಿ.

ಕೊನೆಗೆ ಮಾಹಿತಿ ಹಕ್ಕು. "ನನ್ನ ಇಂಥ ದಿನಾಂಕದ ಅರ್ಜಿ ಈಗ ಯಾರ ಬಳಿ ಇದೆ, ಎಷ್ಟು ದಿನದಿಂದ ಇದೆ" ಅಂತ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ. ನನ್ನ ಹತ್ತಿರ ಬರುವವರು ಮೂರು ತಲೆಮಾರಿನ ಕಥೆ ಬರೆಸಬೇಕು ಅನ್ನುತ್ತಾರೆ. ಬೇಡ. ಆ ಕಥೆ ನನಗೆ ಹೇಳಿ, ಕೇಳುತ್ತೇನೆ. ಅರ್ಜಿಯಲ್ಲಿ ದಿನಾಂಕ, ಸ್ವೀಕೃತಿ ನಂಬರ್, ಪ್ರಶ್ನೆ ಇದ್ದರೆ ಸಾಕು.